ಅಪರೂಪದ ಸಮಸ್ಯೆ

ನಮ್ಮ ಹೊಳೆನರಸೀಪುರದಲ್ಲಿ ಕರೆಂಟ್ ಹೋದಾಗೆಲ್ಲ ನನ್ನ ಕಂಪ್ಯೂಟರಿನಲ್ಲಿದ್ದ ಬ್ಲಾಕ್‌ಚೈನ್ ಸಾಫ್ಟ್‌ವೇರಿನ ಡೇಟಾ ಕೆಟ್ಟು, ಎಲ್ಲವನ್ನೂ ಮೊದಲಿಂದ ಇಳಿಸಿಕೊಳ್ಳಬೇಕಾಗುತ್ತಿತ್ತು. ಅದು ಯಾರು ಬೇಕಾದರೂ ತಿದ್ದಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್. ಸರಿ, ಸಿಕ್ಕ ರಜೆಯಲ್ಲೆಲ್ಲ ಕೂತು, ಸರಿಪಡಿಸುವ ಕೋಡ್ ಬರೆದು ಕಳಿಸಿದೆ. ಯಾವುದೋ ದೇಶದಲ್ಲಿ ಕೂತು ಅದನ್ನು ಪರಿಶೀಲಿಸುವ ಮಹಾಶಯ, "ಇದು ಅಪರೂಪದ ಸಮಸ್ಯೆ, ಬೇಡ" ಎಂದು ಒಂದೇ ಸಾಲಲ್ಲಿ ತಳ್ಳಿಹಾಕಿದ.

ಮೈ ಉರಿದುಹೋಯಿತು. ಮನೆ ಮುಂದೆ ಕಂಬ ಇಳಿಯುತ್ತಿದ್ದ ಲೈನ್‌ಮ್ಯಾನನ್ನೇ ಕೇಳಿದೆ: "ಇಲ್ಲಿ ಕರೆಂಟ್ ಹೋಗೋದು ಅಪರೂಪವಾ?"

"ಯಾವನ್ ಸಾ ಅಂಗಂದೋನು? ಕಳ್ಸಿ ಇಲ್ಲಿಗೆ, ಕಂಬ ಅತ್ತಿಸ್ತೀನಿ!"

ಆ ಸಾಫ್ಟ್‌ವೇರಿನ ಪರಿಚಯ ಪುಟದಲ್ಲಿ "ಜಗತ್ತಿನ ಯಾವ ಮೂಲೆಯಲ್ಲಾದರೂ ಓಡುತ್ತದೆ" ಎಂದಿತ್ತು. ಸಿಟ್ಟಿಗೆ ಪಕ್ಕದಲ್ಲೇ "ಹೊಳೆನರಸೀಪುರ ಬಿಟ್ಟು" ಎಂದು ಸೇರಿಸಿ ಕಳಿಸಿದೆ.

ಐದೇ ನಿಮಿಷಕ್ಕೆ ಆ ಮಹಾಶಯ ಒಪ್ಪಿಕೊಂಡ. ಜೊತೆಗೊಂದು ಥ್ಯಾಂಕ್ಸ್ ಬೇರೆ.