ಷಡಕ್ಷರಿಯವರು ಉಳಿಸಿದ ಮೇಣ

ನಮ್ಮ ಷಡಕ್ಷರಿಯವರಂಥ ಜುಗ್ಗರನ್ನು ನಾನು ಅಗ್ರಹಾರದಲ್ಲೇ ಕಾಣೆ. ಹಳೇ ಲಕೋಟೆ ಬಿಡಿಸಿ ಹಿಂದುಗಡೆ ಬರೆಯುವ ಆಸಾಮಿ! ಅಲ್ಲಿನ ಸಣ್ಣ ಲ್ಯಾಬಿನಲ್ಲಿ ನಾನು ರಿಪೋರ್ಟ್ ಟೈಪ್ ಮಾಡುತ್ತಿದ್ದೆ, ಅವರು ಟೆಕ್ನಿಷಿಯನ್. ರೋಗಿಯ ಹೊಟ್ಟೆಯಿಂದ ತೆಗೆದ ಚೂರನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು ಡಾಕ್ಟರಿಗೆ ಕೊಡುವುದು ಅವರ ಕೆಲಸ. ಉಳಿದ ಬಿಲ್ಲೆಗೆ ಬ್ಲಾಕ್ ಎನ್ನುತ್ತಿದ್ದೆವು. ಐದು ವರ್ಷ ಕಳೆದ ಬ್ಲಾಕುಗಳನ್ನು ಅವರು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅದೇ ಮೇಣವನ್ನು ಮತ್ತೆ ಬಳಸುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

"ಸತ್ತೋರ ಚೂರು ಇಟ್ಕೊಂಡು ಪೂಜೆ ಮಾಡ್ಬೇಕಾ ಗಿರಿಜಮ್ಮ?" ಎನ್ನುತ್ತಿದ್ದರು. ನಾನೂ ನಕ್ಕಿದ್ದೆ. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

೨೦೦೫ರಲ್ಲಿ ಕುವೆಂಪುನಗರದಿಂದ ಶಾಲಿನಿ ಬಂದಳು. ಅವಳ ಅಮ್ಮ ಹೊಟ್ಟೆಯ ಕ್ಯಾನ್ಸರಿನಿಂದ ಹೋಗಿದ್ದರು. ೧೯೯೬ರಲ್ಲಿ ಅಕ್ಕನೂ ಅದರಿಂದಲೇ ಹೋದಳು, ಮೂವತ್ತೆರಡಕ್ಕೇ. ವಂಶದಲ್ಲಿ ಇಳಿದು ಬರುವ ಜೀನಿನ ದೋಷವನ್ನು ಈಗ ಪತ್ತೆ ಮಾಡುತ್ತಾರಂತೆ. ಅದಕ್ಕೆ ನಮ್ಮ ಲ್ಯಾಬಿಗೇ ಬಂದಿದ್ದ ಅಕ್ಕನ ಬ್ಲಾಕ್ ಬೇಕು.

"ಅಕ್ಕನಲ್ಲಿ ಏನಿತ್ತು ಅಂತ ಗೊತ್ತಾಗ್ದೆ ನನ್ ರಕ್ತ ನೋಡಿದ್ರೆ ನಂಬೋಕಾಗಲ್ವಂತೆ ಸರ್. ನಂಗೂ ಆ ದೋಷ ಇದ್ರೆ ಕ್ಯಾನ್ಸರ್ ಬರೋಕ್ ಮೊದ್ಲೇ ಜಠರಾನೇ ತೆಗೆಸ್ಬೇಕಂತೆ. ಮಗಳಿಗಿನ್ನೂ ನಾಲ್ಕು ವರ್ಷ."

ಷಡಕ್ಷರಿ ರಿಜಿಸ್ಟರ್ ತಿರುವಿ, "ಹುಡುಕ್ಬೇಕು ಕಣಮ್ಮ, ನಾಳೆ ಬನ್ನಿ" ಎಂದರು. ಹುಡುಕುವುದೇನು, ಮಣ್ಣು! ನಾನಾದರೂ ಬಾಯಿಬಿಟ್ಟೆನೇ? ಇಲ್ಲ. ಮರುದಿನವೂ ಅದೇ ಮಾತು. ಮೂರನೆಯ ದಿನ ಅವಳು ಒಂದು ಚಿಪ್ಪು ಬಾಳೆಹಣ್ಣು ತಂದು, "ನಿಮಗೆ ಬಹಳ ತೊಂದ್ರೆ ಕೊಡ್ತಿದೀನಿ" ಎಂದಳು.

ಷಡಕ್ಷರಿ ಎದ್ದು ಕೈಮುಗಿದರು. "ನಾನೇ ಕರಗಿಸ್ಬುಟ್ಟೆ ಕಣಮ್ಮ. ಮೇಣ ಉಳಿಸೋಕೆ."

ಅವಳು ಬೈಯಲಿಲ್ಲ. ಬೈದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. "ಮೇಣ ಅಷ್ಟು ದುಬಾರಿನಾ ಸರ್?" ಎಂದು ಕೇಳಿ ಹೊರಟುಹೋದಳು. ಹಣ್ಣು ಮೇಜಿನ ಮೇಲೇ ಇತ್ತು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಗಿರಿಜಮ್ಮ" ಎಂದರು ಷಡಕ್ಷರಿ. ಆಮೇಲೆ ಅವರು ಒಂದು ಬ್ಲಾಕನ್ನೂ ಕರಗಿಸಲಿಲ್ಲ.

೨೦೦೮ರಲ್ಲಿ ಒಂದು ಚೂರು ಬಂತು. ಚೀಟಿಯಲ್ಲಿ ಹೆಸರು ಶಾಲಿನಿ, ವಯಸ್ಸು ಮೂವತ್ತಾರು. ಡಾಕ್ಟರು ಬರೆದುಕೊಟ್ಟ 'ಕ್ಯಾನ್ಸರ್' ಅನ್ನು ನಾನೇ ಟೈಪ್ ಮಾಡಿದೆ. ಷಡಕ್ಷರಿ ಹೊಸ ಮೇಣದಲ್ಲಿ ಕೂರಿಸಿದ್ದ ಆ ಬ್ಲಾಕನ್ನು ಬೇರೆ ಡಬ್ಬಿಯಲ್ಲಿಟ್ಟರು. ಮೇಲೆ ದಪ್ಪಕ್ಷರದಲ್ಲಿ ಬರೆದರು: "ಕರಗಿಸಬೇಡಿ. ಮಗಳಿಗೆ ಬೇಕಾಗುತ್ತದೆ."