ದೊಡ್ಡ ಚೆಂಡಿನ ಸುಚುನ್

ಯಿನ್ ಸುಚುನ್ ಟೆನಿಸ್ ಸೇರಿದ್ದು ಮಾಂಸದ ಆಸೆಗೆ. ಆಸೆ ಅವಳದ್ದಲ್ಲ, ಅವಳಮ್ಮನದು. ಝಿಗಾಂಗ್ ಉಪ್ಪಿನ ಕಾರ್ಖಾನೆಯ ವಠಾರಕ್ಕೆ ಚೆಂಗ್ಡುವಿನ ಕ್ರೀಡಾಶಾಲೆಯವರು ವಾಲಿಬಾಲಿಗೆ ಹುಡುಗಿಯರನ್ನು ಆರಿಸಲು ಬಂದಾಗ ಅವಳು ಮೂರನೇ ಇಯತ್ತೆ. ಗಳುವಿನಂತೆ ಬೆಳೆದಿದ್ದಳು. ಆದರೆ ಅವಳ ಸರದಿ ಬರುವಷ್ಟರಲ್ಲಿ ವಾಲಿಬಾಲಿಗೆ ಬೇಕಾದವರೆಲ್ಲ ಸಿಕ್ಕಿಬಿಟ್ಟಿದ್ದರು. ಅದೇ ತಂಡದ ಜೊತೆ ಬಂದು, ಯಾರಿಗೂ ಬೇಡವಾಗಿ ಮೂಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ ಟೆನಿಸ್ ಮೇಷ್ಟ್ರು ಹೌ, ಉಳಿದ ಹುಡುಗಿಯನ್ನು ನಾನು ಕರೆದೊಯ್ಯುತ್ತೇನೆ ಎಂದರು. ಆ ಆಟ ಯಾವುದೆಂದು ವಠಾರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

“ಅಲ್ಲಿ ಊಟಕ್ಕೇನು ಹಾಕ್ತೀರಿ?”

“ದಿನಾ ಮಾಂಸ ಇರುತ್ತಮ್ಮ. ಆಗಾಗ ಮೊಲ.”

“ಹಾಗಾದ್ರೆ ಕರ್ಕೊಂಡು ಹೋಗಿ. ಇವಳ ತಂಗೀನೂ ಉದ್ದ ಆಗೋ ಹಾಗೆ ಕಾಣ್ತಾಳೆ. ಇನ್ನೆರಡು ವರ್ಷ ಬಿಟ್ಟು ಬನ್ನಿ.”

ಹೀಗೆ ಹೋದವಳು ಚೆಂಗ್ಡುವಿನಲ್ಲೇ ಬೆಳೆದು, ಪ್ರಾಂತದ ತಂಡಕ್ಕೆ ಆಡಿದಳು. ಅವಳ ಸರ್ವ್ ಎಂದರೆ ಎದುರಾಳಿಗಳಿಗೆ ನಡುಕ. ಅವಳ ಜೊತೆಗಾತಿ ಚಿಯು ರೊಂಗ್‌ಗೆ ಇನ್ನೂ ಹೆಚ್ಚಿನ ನಡುಕ. ಜೋಡಿ ಆಟದಲ್ಲಿ ಮುಂದೆ ಬಲೆಯ ಹತ್ತಿರ ನಿಂತ ರೊಂಗ್‌ಳ ಕತ್ತಿಗೆ ಒಮ್ಮೆ ಆ ಚೆಂಡು ಬಡಿದು ಅವಳು ಮೂರ್ಛೆ ಹೋಗಿದ್ದಳು. ಅಂದಿನಿಂದ ಸುಚುನ್ ಚೆಂಡು ಮೇಲೆಸೆದಾಗಲೆಲ್ಲ ರೊಂಗ್ ಒಂದು ಕೈಯಿಂದ ಕತ್ತು ಮುಚ್ಚಿಕೊಳ್ಳುತ್ತಿದ್ದಳು. ಆದರೂ ಇಬ್ಬರೂ ಸೇರಿ ರಾಷ್ಟ್ರೀಯ ಕೂಟದಲ್ಲಿ ಕಂಚು ಗೆದ್ದರು.

ಪರದೇಶಕ್ಕೆ ಒಂದೇ ಸಲ, ಸುರಬಾಯಕ್ಕೆ, ಹೋಗಿದ್ದಳು. ಅಲ್ಲಿ ಹೆಸರುವಾಸಿ ಡಚ್ ಹುಡುಗಿಯೊಬ್ಬಳನ್ನು ಸೋಲಿನ ಅಂಚಿಗೆ ತಂದು ನಿಲ್ಲಿಸಿ, ಇನ್ನೊಂದೇ ಅಂಕ ಬೇಕು ಎನ್ನುವಾಗ ಎರಡೂ ಸರ್ವ್‌ಗಳನ್ನು ಹಿಂದಿನ ತಂತಿಬೇಲಿಗೆ ಬಾರಿಸಿದಳು. ಆಮೇಲೆ ಆಟ ಕೈಬಿಟ್ಟುಹೋಯಿತು.

ಎರಡನೆಯದನ್ನಾದರೂ ಮೆತ್ತಗೆ ಹೊಡೆಯಬಾರದಿತ್ತೇ ಎಂದು ಹೌ ಮೇಷ್ಟ್ರು ತಲೆ ಚಚ್ಚಿಕೊಂಡರು.

“ಮೆತ್ತಗೆ ಹೊಡೆಯೋದನ್ನ ನೀವು ಹೇಳಿಕೊಡಲೇ ಇಲ್ವಲ್ಲ ಮೇಷ್ಟ್ರೇ,” ಎಂದಳು ಸುಚುನ್. ಮಾತು ನಿಜವಾಗಿತ್ತು.

ಇಪ್ಪತ್ತಾರನೇ ವಯಸ್ಸಿಗೆ ಭುಜ ಕೈಕೊಟ್ಟಿತು. ನಿವೃತ್ತಳಾಗಿ ಊರಿಗೆ ಬಂದಳು. ಸರ್ಕಾರ ಅವಳಿಗೆ ನಗರದ ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಕೊಟ್ಟಿತು. ಅಲ್ಲಿನ ಮುಖ್ಯಸ್ಥರು ಪೂ ಸಾಹೇಬರು ಒಳ್ಳೆಯ ಮನುಷ್ಯ. ಒಂದೇ ಹುಚ್ಚೆಂದರೆ ಕಚೇರಿಗಳ ನಡುವಿನ ಪಿಂಗ್‌ಪಾಂಗ್ ಕಪ್ಪು. ಅದು ವರ್ಷಾನುಗಟ್ಟಲೆಯಿಂದ ಧಾನ್ಯ ಕಚೇರಿಯ ಗಾಜಿನ ಕಪಾಟಿನಲ್ಲಿ ಗೂಟ ಹೊಡೆದುಕೊಂಡು ಕೂತಿತ್ತು. ಪ್ರಾಂತಕ್ಕೆ ಆಡಿದವಳು ತಮ್ಮ ಕಚೇರಿಗೆ ಬಂದಳೆಂದು ಪೂ ಸಾಹೇಬರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

“ಸಾಹೇಬ್ರೇ, ನಾನು ಆಡೋದು ದೊಡ್ಡ ಚೆಂಡಿನ ಆಟ. ಪಿಂಗ್‌ಪಾಂಗ್ ಅಲ್ಲ.”

“ಗೊತ್ತಮ್ಮ. ಅಷ್ಟು ದೊಡ್ಡ ಅಂಗಳದ ತುಂಬ ಓಡಾಡಿ ಹೊಡೆದೋಳಿಗೆ ಊಟದ ಮೇಜಿನಷ್ಟು ಜಾಗ ಯಾವ ಲೆಕ್ಕ?”

ಪಿಂಗ್‌ಪಾಂಗ್ ಆಡಿದರೆ ಮಣಿಕಟ್ಟು ಕೆಡುತ್ತದೆಂದು ಕ್ರೀಡಾಶಾಲೆಯಲ್ಲಿ ಟೆನಿಸ್ ಮಕ್ಕಳಿಗೆ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಓಣಿಯ ಅಜ್ಜಿಯರೂ ಆಡುವ ಆಟವನ್ನು ಅವಳೊಬ್ಬಳೇ ಆಡಿರಲಿಲ್ಲ. ಇದನ್ನು ಅವಳು ಹಲವು ಬಗೆಯಲ್ಲಿ ಬಿಡಿಸಿ ಹೇಳಿದಳು. ಸಾಹೇಬರು ಅದನ್ನೆಲ್ಲ ವಿನಯವೆಂದುಕೊಂಡರು.

ಪಂದ್ಯದ ದಿನ ನೀರಿನ ಕಚೇರಿಗೆ ಕಚೇರಿಯೇ ಹಳೆಯ ಪೈಪಿನ ತುಂಡುಗಳನ್ನು ಬಡಿಯುತ್ತ ಬಂದು ಕೂತಿತು. ಎದುರಾಳಿ ಧಾನ್ಯ ಕಚೇರಿಯ ಮೋ ಗುಯಿಶಿಯಾಂಗ್. ಗುಂಗುರು ಮಾಡಿಸಿದ ಕೂದಲು, ತಾನೇ ಹೆಣೆದ ಉಣ್ಣೆಯ ತೋಳಿಲ್ಲದ ಅಂಗಿ, ಜೇಬಿನ ತುಂಬ ಸೂರ್ಯಕಾಂತಿ ಬೀಜ. ನಿವೃತ್ತಿಗೆ ಹತ್ತಿರವಾಗಿದ್ದ ಆಕೆಯನ್ನು ಊರೆಲ್ಲ ಮೋ ದೊಡ್ಡಮ್ಮ ಎನ್ನುತ್ತಿತ್ತು.

ಸುಚುನ್‌ಳ ಮೊದಲ ಹೊಡೆತ ಮುಖ್ಯ ಅತಿಥಿಯ ಚಹಾದ ಲೋಟಕ್ಕೆ ಬಿತ್ತು. ಎರಡನೆಯದು ಎಲ್ಲಿ ಹೋಯಿತೆಂದು ಆಮೇಲೂ ತಿಳಿಯಲಿಲ್ಲ. ದೊಡ್ಡಮ್ಮ ನಿಂತಲ್ಲಿಂದ ಕದಲಲಿಲ್ಲ. ಅಂಕಕ್ಕೂ ಅಂಕಕ್ಕೂ ನಡುವೆ ಬೀಜ ಕಚ್ಚಿ ಸಿಪ್ಪೆಯನ್ನು ಅಚ್ಚುಕಟ್ಟಾಗಿ ಕಾಗದದ ಪೊಟ್ಟಣಕ್ಕೆ ಉಗುಳುತ್ತಿದ್ದರು. ಸುಚುನ್ ಮೇಜಿನ ಎರಡೂ ಬದಿಗೆ ಓಡಿ, ಒಮ್ಮೆ ಮೇಜನ್ನೇ ದೂಡಿಕೊಂಡು ಹೋಗಿ, ಬೆವರು ಸುರಿಸಿ ಸೋತಳು. ಪೈಪು ಬಡಿಯುವವರು ಯಾವಾಗ ನಿಲ್ಲಿಸಿದರೋ ಯಾರಿಗೂ ನೆನಪಿಲ್ಲ.

ಕೈ ಕುಲುಕುವಾಗ ದೊಡ್ಡಮ್ಮ ಅವಳ ಕೈಯನ್ನು ಬಿಡದೆ ಮಗುಚಿ ನೋಡಿದರು. ಅಂಗೈ ತುಂಬ ಜಡ್ಡುಗಟ್ಟಿತ್ತು.

“ಇದು ಸೋಮಾರಿ ಕೈಯಲ್ಲ. ಮಗಳೇ, ನಿಂಗೆ ನಿಜವಾಗ್ಲೂ ಆಡೋಕೆ ಏನು ಬರುತ್ತೆ?”

ಊರಿಗೆ ಬಂದಮೇಲೆ ಯಾರೂ ಕೇಳದಿದ್ದ ಪ್ರಶ್ನೆ ಅದು. ಮೈದಾನ ಇಲ್ಲ ದೊಡ್ಡಮ್ಮ, ಇದ್ದಿದ್ದರೆ ತೋರಿಸುತ್ತಿದ್ದೆ ಎಂದಷ್ಟೇ ಹೇಳಿದಳು ಸುಚುನ್.

ಮನೆಗೆ ಬಂದರೆ ಅಮ್ಮನ ಮುಖ ಊದಿಕೊಂಡಿತ್ತು. ಸಂತೆಯಲ್ಲಿ ಮೊಲ ಮಾರುವವನು ಅಮ್ಮನನ್ನು ನೋಡಿ ಕಿಸಕ್ಕನೆ ನಕ್ಕಿದ್ದನಂತೆ.

“ಅಷ್ಟು ವರ್ಷ ಸರ್ಕಾರದ ಮಾಂಸ ತಿಂದು, ಬೀಜ ತಿನ್ನೋ ಮುದುಕಿ ಹತ್ರ ಸೋತು ಬಂದ್ಯಲ್ಲೇ.”

“ಅದು ಬೇರೆ ಆಟ ಅಮ್ಮ.”

“ಆಟ ಬೇರೆ ಇರಬಹುದು. ಮಾಂಸ ಅದೇ ತಾನೇ?”

ಮುಂದಿನ ಭಾನುವಾರ ದೊಡ್ಡಮ್ಮ ತಾವಾಗಿಯೇ ನೀರಿನ ಕಚೇರಿಯ ಗೇಟಿಗೆ ಬಂದು ನಿಂತರು. ಸುಚುನ್ ಆಗಲೇ ಒಂದು ಜಾಗ ಗೊತ್ತುಮಾಡಿಕೊಂಡಿದ್ದಳು. ಶುದ್ಧ ನೀರಿನ ತೊಟ್ಟಿಯ ಮೇಲೆ ವಿಶಾಲವಾದ ಸಿಮೆಂಟ್ ಚಪ್ಪಡಿ ಇತ್ತು. ಸುಣ್ಣದಲ್ಲಿ ಗೆರೆ ಎಳೆದು, ಮೀನಿನ ಬಲೆ ಕಟ್ಟಿ, ದೊಡ್ಡಮ್ಮನನ್ನು ಆಚೆ ಬದಿಗೆ ನಿಲ್ಲಿಸಿ ಸರ್ವ್ ಮಾಡಿದಳು. ನೆಟ್ಟಗಾಗದ ಭುಜದಲ್ಲೂ ಚೆಂಡು ಗುಂಡಿನಂತೆ ಹೋಯಿತು. ದೊಡ್ಡಮ್ಮನ ಕಿವಿಯ ಪಕ್ಕ ಹಾದು, ಪಂಪ್‌ಮನೆಯ ಗೋಡೆಗೆ ಬಡಿದು, ಮತ್ತೆ ಅವರ ಪಕ್ಕದಲ್ಲೇ ಹಾದು ಸುಚುನ್‌ಳ ಕಾಲ ಬುಡಕ್ಕೆ ವಾಪಸು ಬಂತು.

ದೊಡ್ಡಮ್ಮ ಬಾಯಲ್ಲಿದ್ದ ಬೀಜ ಉಗುಳಿದರು. “ಇನ್ನೊಂದ್ಸಲ ಹೊಡಿ. ಈ ಸಲ ಕಣ್ಣು ಬಿಟ್ಕೊಂಡಿರ್ತೀನಿ.”

ಅಂದು ಹಿಡಿದ ಗೀಳು ದೊಡ್ಡಮ್ಮನನ್ನು ಬಿಡಲಿಲ್ಲ. ಅವರು ಓಡಲು ಒಪ್ಪುತ್ತಿರಲಿಲ್ಲ. ಬಲೆಯ ಹತ್ತಿರ ನಿಂತು, ಬಂದ ಚೆಂಡನ್ನು ಪಿಂಗ್‌ಪಾಂಗಿನ ಹಾಗೆ ಕೆಳಗಿನಿಂದ ಕೊಯ್ದು ಆಚೆಗೆ ಇಳಿಸುತ್ತಿದ್ದರು. ಅದು ಪುಟಿಯುವುದನ್ನೇ ಮರೆತಂತೆ ಬಿದ್ದುಕೊಳ್ಳುತ್ತಿತ್ತು. ಪ್ರಾಂತಕ್ಕೆ ಆಡಿದವಳು ಅದರ ಹಿಂದೆ ಓಡಿ ಮುಗ್ಗರಿಸುವುದನ್ನು ನೋಡಲು ಪಂಪ್‌ಮನೆಯವರು ರಜೆಯ ದಿನವೂ ಬರತೊಡಗಿದರು. ಆದರೆ ಪಕ್ಕದಲ್ಲೇ ನೀರಿನ ಕೆಸರು ಇಳಿಸಿ ತಿಳಿಗೊಳಿಸುವ ತೆರೆದ ಹೊಂಡ; ತಪ್ಪಿದ ಚೆಂಡೆಲ್ಲ ಅದರೊಳಗೆ ಬೀಳುತ್ತಿತ್ತು. ಊರಿನವರು ಕುಡಿಯುವ ನೀರಲ್ಲಿ ನಿಮ್ಮ ಚೆಂಡಿನ ಕೂದಲು ತೇಲುತ್ತಿದೆ ಎಂದು ಪೂ ಸಾಹೇಬರು ಕೂಗಾಡಿದರು. ಪ್ರಾಂತದ ನೌಕರರ ಕೂಟದಲ್ಲಿ ಟೆನಿಸ್ ಜೋಡಿ ಆಟವೂ ಇದೆ, ಅದಕ್ಕೂ ಕಪ್ಪು ಇದೆ ಎಂದು ಯಾರೋ ಕಿವಿಗೆ ಹಾಕಿದ ಮೇಲೆ ಅವರೇ ಮುಂದೆ ನಿಂತು ಹೊಂಡಕ್ಕೆ ಬಲೆ ಹೊದಿಸಿದರು.

ಒಂದೇ ಊರಿನ ಎರಡು ಕಚೇರಿಯವರು ಕೂಡಿ ಆಡಬಹುದಿತ್ತು. ಚೆಂಗ್ಡುವಿಗೆ ಹೊರಡುವಾಗ ದೊಡ್ಡಮ್ಮ ಹತ್ತಿ ತುಂಬಿದ ದಪ್ಪ ಟೋಪಿಯೊಂದನ್ನು ಇಟ್ಟುಕೊಂಡರು. ಸುಚುನ್ ಸರ್ವ್ ಮಾಡುವಾಗಲೆಲ್ಲ ಅದನ್ನು ಕತ್ತಿನವರೆಗೆ ಎಳೆದುಕೊಳ್ಳುತ್ತಿದ್ದರು. ಸೆಮಿಫೈನಲ್‌ನಲ್ಲಿ ಎದುರಾದವಳು ರೈಲ್ವೆ ಸೇರಿದ್ದ ಚಿಯು ರೊಂಗ್. ಟೋಪಿಯ ಗುಟ್ಟು ಅವಳಿಗೆ ತಕ್ಷಣ ಹೊಳೆಯಿತು. ನಕ್ಕು ನಕ್ಕು ಅಂಗಳದಲ್ಲೇ ಕುಕ್ಕರಿಸಿದಳು.

“ಅಕ್ಕಾ, ಈ ಉಪಾಯ ನಂಗ್ಯಾಕೆ ಆಗ ಹೊಳೀಲಿಲ್ಲ?”

“ಆಗ ನೀನು ಮೂರ್ಛೆ ಹೋಗಿದ್ಯಲ್ಲ,” ಎಂದಳು ಸುಚುನ್.

ಗೆಲ್ಲಲು ಒಂದು ಅಂಕ ಬಾಕಿ. ಸುಚುನ್‌ಳ ಮೊದಲ ಸರ್ವ್ ಬೇಲಿಗೆ ಹೋಯಿತು. ದೊಡ್ಡಮ್ಮ ಟೋಪಿ ಎತ್ತಿ ಹಿಂದೆ ತಿರುಗಿದರು. “ಮಗಳೇ, ಎದುರಿಗಿರೋದು ಗೋಡೆಯಲ್ಲ. ಮೊಟ್ಟೆ ಅನ್ಕೊಂಡು ಕಳಿಸು.”

ಸುಚುನ್ ಚೆಂಡನ್ನು ಮೇಲೆಸೆಯಲೇ ಇಲ್ಲ. ಸೊಂಟದ ಮಟ್ಟದಲ್ಲಿ ಕೊಯ್ದು ಆಚೆಗೆ ಇಳಿಸಿದಳು. ಅಂಗಳದ ಕೊನೆಯಲ್ಲಿ ಗುಂಡಿನಂಥ ಸರ್ವ್‌ಗೆಂದು ಕಾದು ನಿಂತಿದ್ದ ರೊಂಗ್ ಓಡಿ ಬಂದು, ಬಲೆಗೆ ಸಿಕ್ಕಿಕೊಂಡು, ಅಲ್ಲಿಂದಲೇ ಬೈದಳು.

ಫೈನಲ್‌ನಲ್ಲಿ ಅವರು ಹೀನಾಯವಾಗಿ ಸೋತರು. ಎದುರಾಳಿಗಳು ಚೆಂಡನ್ನು ದೊಡ್ಡಮ್ಮನ ತಲೆಯ ಮೇಲಿಂದ ಕಳಿಸುವುದನ್ನು ಕಲಿತುಬಿಟ್ಟಿದ್ದರು. ಎರಡನೇ ಬಹುಮಾನದ ಕಪ್ಪು ಮೊದಲನೆಯದಕ್ಕಿಂತ ನೋಡಲು ಚೆನ್ನಾಗಿದೆ ಎಂದು ಪೂ ಸಾಹೇಬರು ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಬಂದರು.

ಮರುವರ್ಷ ಮೋ ದೊಡ್ಡಮ್ಮ ಧಾನ್ಯ ಕಚೇರಿಯಿಂದ ನಿವೃತ್ತರಾದರು. ಪೂ ಸಾಹೇಬರು ಹಣ್ಣಿನ ಬುಟ್ಟಿ ಹೊತ್ತುಕೊಂಡು ಅವರ ಮನೆಗೆ ಹೋಗಿ, ಅವರನ್ನು ನೀರಿನ ಕಚೇರಿಯ ಗೌರವ ಸಲಹೆಗಾರ್ತಿ ಮಾಡಿಕೊಂಡರು. ಪಿಂಗ್‌ಪಾಂಗ್ ಕಪ್ಪು ಕೊನೆಗೂ ಕಪಾಟು ಬದಲಿಸಿತು. ಧಾನ್ಯ ಕಚೇರಿಯವರು ಬಹಳ ದಿನ ಇವರೊಡನೆ ಮಾತು ಬಿಟ್ಟರು.

ಸುಚುನ್ ತೊಟ್ಟಿಯ ಮೇಲೆ ಊರಿನ ಹೆಂಗಸರಿಗೆ ಆಟ ಕಲಿಸುತ್ತ ಹೋದಳು. ಹೊಳೆದಂಡೆಯಲ್ಲಿ ನಿಜವಾದ ಅಂಗಳಗಳಾದ ಮೇಲೆ ಅಲ್ಲಿಗೆ ಹೋದಳು. ಈಗ ಅವಳ ತಲೆಯೂ ನರೆತಿದೆ. ಹೊಸಬರಿಗೆ ಮೊದಲ ವಾರ ಮೆತ್ತನೆಯ ಹೊಡೆತ ಮಾತ್ರ. ಎರಡನೇ ವಾರ ಯಾರಾದರೂ ಜೋರಾಗಿ ಬಾರಿಸುವುದು ಯಾವಾಗ ಎಂದು ಕೇಳಿಯೇ ಕೇಳುತ್ತಾರೆ. ಅವಳು ಸುತ್ತ ನೋಡಿ, ಯಾರ ಕತ್ತೂ ಅಡ್ಡವಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದೇ ಒಂದು ಸಲ ತೋರಿಸುತ್ತಾಳೆ.