ವಾಮಂಜೂರಿಗೆ ಒಯ್ದ ನಾಲ್ಕು ಪಟ್ಟಿಗಳು

ಜೆಪ್ಪುವಿನಿಂದ ಬೆಳಿಗ್ಗೆ ಹೊರಟೆ. ಚೀಲದಲ್ಲಿ ನಾಲ್ಕು ಉಕ್ಕಿನ ಪಟ್ಟಿಗಳಿದ್ದವು. ನನ್ನ ಅಳತೆ ಟೇಪನ್ನೇ ಕತ್ತರಿಸಿ ಮಾಡಿದ್ದೆ. ನಾನು ಬಡಗಿ, ಐದನೇ ಕ್ಲಾಸು ದಾಟಿದವನಲ್ಲ. ತಮ್ಮ ಸುಧಾಕರ ಇಂಜಿನಿಯರಿಂಗ್ ಓದುತ್ತಿದ್ದ. ಅವನೂ ಗೆಳೆಯರೂ ಸೇರಿ ಚಿಕ್ಕದೊಂದು ಉಪಗ್ರಹ ಕಟ್ಟುತ್ತಿದ್ದರು. ಅದರ ರೇಡಿಯೊ ಆಂಟೆನಾಕ್ಕೆ, ಸುತ್ತಿದರೆ ಸುತ್ತಿಕೊಳ್ಳುವ, ಬಿಟ್ಟರೆ ಚಟ್ಟನೆ ನೆಟ್ಟಗಾಗುವ ಪಟ್ಟಿ ಬೇಕಿತ್ತು. "ಅಣ್ಣ, ನಿನ್ನ ಗಲ್ಫಿನ ಟೇಪು ಕೊಡು ಮಾರಾಯ. ಹತ್ತೊಂಬತ್ತು ಇಂಚಿನ ನಾಲ್ಕು ತುಂಡು" ಎಂದು ಕೇಳಿದ್ದ.

ಹಂಪನಕಟ್ಟೆಯಲ್ಲಿ ಬನ್ಸ್ ತಿಂದು ಚಾ ಕುಡಿದು ಮೂಡಬಿದ್ರೆ ಬಸ್ಸು ಹತ್ತಿದೆ. ವಿಪರೀತ ಸೆಕೆ. ಕುಲಶೇಖರ, ಕುಡುಪು ದಾಟಿ ವಾಮಂಜೂರಿನಲ್ಲಿ ಇಳಿದೆ. ಪೇಟೆಯ ಗದ್ದಲದಲ್ಲಿ ಉಪಗ್ರಹದ ರೇಡಿಯೊ ಸಂಕೇತ ಸರಿಯಾಗಿ ಸಿಗದೆಂದು ಹುಡುಗರು ತಮ್ಮ ಲೆಕ್ಚರರ್ ಪಿಂಟೊ ಅವರ ಮನೆಯ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರು. ಸುತ್ತ ಗದ್ದೆ.

ಮೇಜಿನ ಮೇಲೆ ಬಿಸ್ಕತ್ತು ಡಬ್ಬಿಯಷ್ಟು ದೊಡ್ಡ ಅಲ್ಯುಮಿನಿಯಂ ಪೆಟ್ಟಿಗೆ. ಇದು ಮೇಲೆ ಹೋಗುವುದು ಯಾವಾಗ ಎಂದು ಕೇಳಿದೆ.

"ಇದು ಹೋಗ್ಲಿಕ್ಕಿಲ್ಲ" ಎಂದ ಒಬ್ಬ ಹುಡುಗ. "ನಾಳೆ ಬೆಂಗಳೂರಿಗೆ ಕೊಂಡುಹೋಗಿ ಕುಲುಕಿ, ಬಿಸಿ ಮಾಡಿ ನೋಡುವುದು. ಇದು ತಡೆದರೆ ಹಾರಿಸಲಿಕ್ಕೆ ಇಂಥದ್ದೇ ಇನ್ನೊಂದು ಮಾಡುವುದು."

ಹಾರದ ಉಪಗ್ರಹಕ್ಕೆ ಇಷ್ಟೆಲ್ಲ ಯಾಕೆಂದು ನನಗೆ ತಿಳಿಯಲಿಲ್ಲ.

ಪಿಂಟೊ ಒಂದೊಂದೇ ಪಟ್ಟಿ ಅಳೆದರು. "ಹದಿನೆಂಟೇ ಉಂಟಲ್ಲ?"

ನನಗೆ ಆಗಲೇ ಹೊಳೆಯಿತು. ಟೇಪಿನ ತುದಿಯ ಕೊಕ್ಕೆ ಸಡಿಲವಾದರೆ ನಾವು ಬಡಗಿಗಳು ಒಂದನೇ ಇಂಚಿನ ಗೆರೆಯಿಂದ ಅಳೆಯುತ್ತೇವೆ. ಕೊನೆಯಲ್ಲಿ ಒಂದು ಇಂಚು ಸೇರಿಸಿ ಹಿಡಿಯುತ್ತೇವೆ. ಒಂದರಿಂದ ಶುರುಮಾಡಿದ್ದೆ, ಸೇರಿಸಲು ಮರೆತು ಹತ್ತೊಂಬತ್ತರ ಗೆರೆಗೇ ಕತ್ತರಿಸಿದ್ದೆ. ಆ ಮೊದಲ ತುಂಡನ್ನೇ ಅಚ್ಚಾಗಿಟ್ಟು ಉಳಿದ ಮೂರನ್ನೂ ಕತ್ತರಿಸಿದ್ದೆ.

"ಯಾವ ಆಚಾರಿ ಮಾರಾಯ ಇದು ಕತ್ತರಿಸಿದ್ದು?" ಎಂದು ಇನ್ನೊಬ್ಬ ಹುಡುಗ ನಕ್ಕ. "ಉದ್ದ ಆಗಿದ್ದರೆ ಕತ್ತರಿಸಬಹುದಿತ್ತು. ಗಿಡ್ಡ ಆದರೆ ಎಳೆಯುವುದಾ?"

ಸುಧಾಕರ ನನ್ನ ಕಡೆ ನೋಡಲೇ ಇಲ್ಲ. "ಅಳತೆ ಹೇಳಿದ್ದು ನಾನು ಸರ್. ತಪ್ಪು ಹೇಳಿದೆ."

ಸುಳ್ಳು. ನಾನು ಬಾಯಿ ತೆರೆಯಬೇಕಿತ್ತು. ಅಷ್ಟು ಕಲಿತವರೆದುರು ನಾಲಿಗೆ ಏಳಲಿಲ್ಲ.

"ಹಾಗಾದರೆ ನಾಳೆ ಬೆಂಗಳೂರಿಗೆ ನೀನು ಬರುವುದು ಬೇಡ. ನಿನ್ನ ಬದಲು ರಮೇಶ ಬರಲಿ" ಎಂದರು ಪಿಂಟೊ.

ಬೆಂಗಳೂರಿಗೆ ಹೋಗಲೆಂದು ನನ್ನ ದುಡ್ಡಿನಲ್ಲೇ ಹೊಸ ಪ್ಯಾಂಟು ಹೊಲಿಸಿಕೊಂಡಿದ್ದ ತಮ್ಮ ಬಸ್ಸಿನ ತನಕ ಬಿಡಲು ಬಂದ.

"ಯಾಕೆ ಹಾಗೆ ಹೇಳಿದ್ದು?" ಎಂದೆ.

"ಮತ್ತೆಂತ? ಅವರ ಕೈಯಿಂದ ನಿನಗೆ ಬೈಸುವುದಾ? ಬಸ್ಸು ಬಂತು, ಹತ್ತು."

ಹತ್ತಿದೆ. ಕೂರಲಾಗದೆ ಕುಡುಪುವಿನಲ್ಲಿ ಇಳಿದುಬಿಟ್ಟೆ. ವಾಪಸು ಹೋಗಿ ಹೇಳುವುದೆಂದು ರಸ್ತೆಯ ಆಚೆ ಬದಿಗೆ ದಾಟಿ ನಿಂತೆ. ವಾಮಂಜೂರು ಕಡೆಯ ಬಸ್ಸು ನನ್ನೆದುರೇ ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಬರ್ತೀರಾ? ಬೇಗ ಹೇಳಿ, ಟೈಮಿಗೆ ಮುಟ್ಟಲಿಕ್ಕುಂಟು ನಮಗೆ" ಎಂದ.

ಇಲ್ಲವೆಂದು ತಲೆಯಾಡಿಸಿದೆ. ಸೀಟಿ ಊದಿದ. ಬಸ್ಸಿನ ಹಿಂದಿನ ಗಾಜು ಮರೆಯಾಗುವವರೆಗೂ ಅಲ್ಲೇ ನಿಂತಿದ್ದೆ.